ಎರಡು ವರ್ಷ ಬಳಸಿದ ಮೇಲೆ: ಶಾಲೆಯ ಆ್ಯಪ್, ಮತ್ತೆ ಮಿಸ್ ಕಳಿಸುವ ಒಂದು ನಿಮಿಷದ ವಾಯ್ಸ್ ನೋಟ್

ದಿನಾ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಫೋನ್ ಟಿಂಗ್ ಅನ್ನುತ್ತದೆ. "ಗಣಿತ: ಪುಟ 34 ಪೂರ್ತಿ ಮಾಡುವುದು. ಕನ್ನಡ: ಪಾಠ ಎರಡು ಸಲ ಬರೆಯುವುದು. ಇಂಗ್ಲಿಷ್: ಡಿಕ್ಟೇಷನ್‌ಗೆ ಓದುವುದು." ಪಕ್ಕದಲ್ಲಿ ಒಂದು ಹಸಿರು ಟಿಕ್. ಮಗಳು ಒಂದನೇ ಕ್ಲಾಸ್ ಸೇರಿದಾಗಿನಿಂದ ಈ ಆ್ಯಪ್ ನನ್ನ ಫೋನಿನಲ್ಲಿದೆ. ಈಗ ಎರಡನೇ ಕ್ಲಾಸ್ ಮುಗಿಯುತ್ತಾ ಬಂತು. ಹೆಸರು ಹೇಳುವುದಿಲ್ಲ, ಇಂಥ ಆ್ಯಪ್‌ಗಳು ಎಲ್ಲಾ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಹಾಜರಿ ಮೆಸೇಜ್ ಚೆನ್ನಾಗಿದೆ. ರೈಲ್ವೆ ಗೇಟ್ ಹಾಕಿ ವ್ಯಾನ್ ತಡವಾದ ದಿನ, ಮಗು ಕ್ಲಾಸಿಗೆ ಬಂದಳು ಅಂತ ಅಂಗಡಿಯಲ್ಲಿ ಕೂತೇ ಗೊತ್ತಾಗುತ್ತದೆ. ಅಷ್ಟಕ್ಕೆ ನಾನು ಋಣಿ. ಫೀಸಿನ ನೆನಪೋಲೆಯೂ ಸರಿಯಾಗಿ ಬರುತ್ತದೆ.

ನನ್ನದು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. ಶಟರ್ ಎಳೆದು ನಿಟುವಳ್ಳಿಯ ಮನೆ ಸೇರುವಾಗ ರಾತ್ರಿ ಒಂಬತ್ತು ಹತ್ತಿರ. ಮಗಳ ಜೊತೆ ನನಗೆ ಸಿಗುವುದು ಊಟದ ಅರ್ಧ ಗಂಟೆ. "ಏನ್ ಕಲಿಸಿದ್ರು ಪುಟ್ಟಿ ಇವತ್ತು?" ಅಂದರೆ "ಏನೂ ಇಲ್ಲ" ಅನ್ನುತ್ತಾಳೆ. ಏಳು ವರ್ಷದ ಮಗು ಇನ್ನೇನು ಹೇಳೀತು, ಕೇಳುವವನಿಗೇ ಏನು ಕೇಳಬೇಕು ಅಂತ ಗೊತ್ತಿಲ್ಲ. ಪುಟ 34ರಲ್ಲಿ ಏನಿದೆ ಅಂತ ಆ್ಯಪ್ ಹೇಳುವುದಿಲ್ಲ. ಏನು ಮಾಡಬೇಕು ಅಂತ ಹೇಳುತ್ತದೆ, ಏನು ಕಲಿತಳು ಅಂತ ಹೇಳುವುದೇ ಇಲ್ಲ.

ಇದರ ಪೆಟ್ಟು ಗೊತ್ತಾಗಿದ್ದು ದಸರಾ ರಜೆ ಮುಗಿದ ಮೇಲಿನ ಪೇರೆಂಟ್ಸ್ ಮೀಟಿಂಗಿನಲ್ಲಿ. ಮಿಸ್ ಕ್ಲಾಸ್‌ವರ್ಕ್ ಪುಸ್ತಕ ತೆಗೆದು ತೋರಿಸಿದರು. 42ರಲ್ಲಿ 17 ಕಳೆದರೆ 35 ಅಂತ ಬರೆದಿದ್ದಾಳೆ. ಎರಡರಲ್ಲಿ ಏಳು ಹೋಗಲ್ಲ ಅಂತ, ಏಳರಲ್ಲೇ ಎರಡು ಕಳೆದು ಐದು ಬರೆದುಬಿಟ್ಟಿದ್ದಾಳೆ. ಹತ್ತರಿಂದ ಸಾಲ ತಗೊಳ್ಳೋದು ತಲೆಗೆ ಹೋಗಿರಲಿಲ್ಲ. ಒಂದು ಲೆಕ್ಕ ಅಲ್ಲ, ಪುಟಗಟ್ಟಲೆ ಹಾಗೇ ಇತ್ತು. ಆ ಅಷ್ಟೂ ದಿನ ನನ್ನ ಫೋನಿನಲ್ಲಿ ಹಸಿರು ಟಿಕ್ ಬರುತ್ತಲೇ ಇತ್ತು. ಹೋಮ್‌ವರ್ಕ್ ಒಪ್ಪಿಸಿದರೆ ಟಿಕ್, ಸರಿಯೋ ತಪ್ಪೋ ಅದಕ್ಕೆ ಸಂಬಂಧವಿಲ್ಲ. ನನಗೆ ತುಂಬಾ ಬೇಜಾರಾಯಿತು. ವರ್ಷಕ್ಕೆ ಆರುನೂರು ರೂಪಾಯಿ ಆ್ಯಪ್‌ಗೆ ಅಂತ ಫೀಸಿನಲ್ಲೇ ಸೇರಿಸಿ ಕಟ್ಟುತ್ತೇನೆ, ನನ್ನಂಥವನಿಗೆ ಅದು ಸಣ್ಣ ದುಡ್ಡಲ್ಲ.

ನಮ್ಮ ಅಕ್ಕನ ಮಗ ಜಗಳೂರು ಕಡೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಓದುತ್ತಾನೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾದ, ಮಕ್ಕಳು ಆಡುತ್ತಾ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. ಅಲ್ಲಿ ಕ್ಲಾಸಿನ ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ, ಮಗು ಈಗ ಯಾವ ಮೆಟ್ಟಿಲಲ್ಲಿ ಇದೆ ಅಂತ ಅದರಲ್ಲಿ ಕಾಣುತ್ತದೆ. ಅಕ್ಕ ಒಳಗೆ ಹೋಗಿ ನೋಡಿಕೊಂಡು ಬರುತ್ತಾಳೆ. ಫೋನೂ ಬೇಡ, ಆ್ಯಪೂ ಬೇಡ. ಇನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೇ ಸೆಕ್ಷನ್ ಓದಿದರೆ, ಶಿಕ್ಷಕರು ಪೋಷಕರನ್ನು ಆಗಾಗ ಕರೆದು ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಮೂರನ್ನೂ ತಿಳಿಸಬೇಕು ಅಂತಲೇ ಇದೆ. ಮೂರರಲ್ಲಿ ಆ್ಯಪ್ ತಿಳಿಸುವುದು ಬರೀ ಹಾಜರಿ.

ಇಷ್ಟನ್ನೂ ಮೀಟಿಂಗಿನಲ್ಲೇ ಮಿಸ್ ಹತ್ತಿರ ಹೇಳಿದೆ. ಜಗಳಕ್ಕೆ ಹೋಗಲಿಲ್ಲ, ಕೇಳಿಕೊಂಡೆ ಅಷ್ಟೇ. ಇನ್ನೂ ಇಬ್ಬರು ತಾಯಂದಿರು ದನಿಗೂಡಿಸಿದರು.

ಡಿಸೆಂಬರಿನಿಂದ ಮಿಸ್ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ವಾಯ್ಸ್ ನೋಟ್ ಹಾಕಲು ಶುರು ಮಾಡಿದರು. ಒಂದು ನಿಮಿಷ ದಾಟುವುದಿಲ್ಲ. ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಕಳಿಸುವ ಹಾಗೆ ಮಾಡಿದ್ದಾರೆ, ಹಾಗಾಗಿ ಗುಡ್ ಮಾರ್ನಿಂಗ್ ಹೂವುಗಳ ಕಾಟ ಇಲ್ಲ. ಯಾವ ಮಗುವಿನ ಹೆಸರನ್ನೂ ಅದರಲ್ಲಿ ತೆಗೆಯುವುದಿಲ್ಲ. ಒಬ್ಬರಿಗೆ ಹೇಳುವುದಿದ್ದರೆ ಅವರಿಗೇ ಬೇರೆ ಕಳಿಸುತ್ತಾರೆ. ಇದು ನನಗೆ ತುಂಬಾ ಹಿಡಿಸಿತು.

ಒಂದು ದಿನದ್ದು ಹೇಳುತ್ತೇನೆ. "ಇವತ್ತು ಭಾರ, ಹಗುರ ಮಾಡಿದ್ವಿ. ದೊಡ್ಡದಾಗಿ ಕಾಣೋದೆಲ್ಲ ಭಾರ ಅಂತ ತುಂಬಾ ಮಕ್ಕಳು ಅಂದ್ಕೊಂಡಿದಾರೆ. ಮನೇಲಿ ಎರಡು ಸಾಮಾನು ಕೈಗೆ ಕೊಟ್ಟು ಕೇಳಿ." ಊಟಕ್ಕೆ ಕೂತು ತಟ್ಟೆಯ ಪಕ್ಕ ಫೋನಿಟ್ಟು ಕೇಳಿಸಿದೆ. ನಮ್ಮವ್ವನಿಗೆ ಓದು ಬರುವುದಿಲ್ಲ, ಆ್ಯಪ್ ಅವಳ ಪಾಲಿಗೆ ಇದ್ದೂ ಇಲ್ಲದ ಹಾಗೆ. ಆದರೆ ಮಾತು ಕೇಳಿಸುತ್ತದೆ ಅಲ್ವಾ? ಕೇಳಿದವಳೇ ಎದ್ದು ಹೋಗಿ ಅಟ್ಟದ ಮೇಲಿಂದ ಹಳೇ ಹಿತ್ತಾಳೆ ಸೇರು ತಂದಳು. ಒಂದು ಸೇರು ಮಂಡಕ್ಕಿ ಅಳೆದು ಒಂದು ಚೀಲಕ್ಕೆ, ಒಂದು ಸೇರು ಜೋಳ ಅಳೆದು ಇನ್ನೊಂದು ಚೀಲಕ್ಕೆ ಹಾಕಿದಳು. "ಎರಡೂ ಒಂದೇ ಸೇರು ಕಣವ್ವ. ಹಿಡಿ ನೋಡನ" ಅಂದಳು. ಮಗಳು ಎರಡೂ ಕೈಯಲ್ಲಿ ಎತ್ತಿದಳು. ಜೋಳದ ಕೈ ಕೆಳಗೆ ಜಗ್ಗಿತು. ಒಂದು ಕ್ಷಣ ಸುಮ್ನೆ ನಿಂತಳು. ಆಮೇಲೆ ಚೀಲ ಅದಲುಬದಲು ಮಾಡಿ ಮತ್ತೆ ಎತ್ತಿದಳು, ತನ್ನ ಕೈಯೇ ಮೋಸ ಮಾಡಿತೇನೋ ಅನ್ನುವ ಹಾಗೆ. ಆ ರಾತ್ರಿ ಪಾವಿನಿಂದ ಸೇರು ತುಂಬಿಸಿ "ನಾಲ್ಕು ಪಾವು!" ಅಂತ ಕೂಗಿದ್ದೂ ಅವಳೇ. ಎಷ್ಟು ಪಾವು ಅಂತ ಅವಳನ್ನು ಯಾರೂ ಕೇಳಿರಲಿಲ್ಲ.

ಈಗ ನಾನು ಒಳಗೆ ಕಾಲಿಡುವಷ್ಟರಲ್ಲಿ ಅವ್ವ "ಮಿಸ್ ಏನಂದ್ರು ಹಚ್ಚು" ಅನ್ನುತ್ತಾಳೆ. ಹತ್ತರಿಂದ ಸಾಲ ತಗೊಂಡು ಕಳೆಯುವ ಲೆಕ್ಕವೂ ಹತ್ತು ಹತ್ತರ ಕಡ್ಡಿಕಟ್ಟು ಬಿಚ್ಚಿ ಬಿಚ್ಚಿ ಜನವರಿಯಲ್ಲಿ ಹಿಡಿತಕ್ಕೆ ಬಂತು. ಆ ಉಪಾಯವೂ ವಾಯ್ಸ್ ನೋಟಿನಲ್ಲೇ ಬಂದಿದ್ದು.

ಇದರಲ್ಲೂ ಒಂದು ತೊಂದರೆ ಇದೆ. ಎಲ್ಲಾ ಭಾರ ಒಬ್ಬ ಮಿಸ್ ಮೇಲೆ. ಮೂವತ್ತೆರಡು ಮಕ್ಕಳನ್ನು ನೋಡಿಕೊಂಡು, ಬಸ್ಸಿಗೆ ಕಾಯುತ್ತಾ ಮಾತಾಡಿ ಕಳಿಸುತ್ತಾರೆ, ಹಿಂದೆ ಹಾರ್ನ್ ಕೇಳಿಸುತ್ತದೆ. ಫೆಬ್ರವರಿಯಲ್ಲಿ ಅವರಿಗೆ ಜ್ವರ ಬಂದ ವಾರ ಏನೂ ಬರಲಿಲ್ಲ, ನಾವು ಮತ್ತೆ "ಏನೂ ಇಲ್ಲ"ಕ್ಕೆ ವಾಪಸ್. ವಾರಕ್ಕೆ ಮೂರು ದಿನ ಸಾಕು ಮಿಸ್ ಅಂತ ನಾವೇ ಹೇಳಿದ್ದೇವೆ.

ಆ್ಯಪ್‌ಗೆ ಎರಡು ಸ್ಟಾರ್, ಅದೂ ಹಾಜರಿ ಮೆಸೇಜಿಗಾಗಿ. ಜೂನ್‌ಗೆ ಮೂರನೇ ಕ್ಲಾಸ್, ಬೇರೆ ಮಿಸ್ ಬರುತ್ತಾರೆ. ಮಾತಾಡಿ ಕಳಿಸಲು ಆಗದಿದ್ದರೆ ಡೈರಿಯಲ್ಲಿ ಒಂದು ಸಾಲು ಬರೆದರೂ ಆಯಿತು, ರಾತ್ರಿ ಅವ್ವನಿಗೆ ನಾನೇ ಓದಿ ಹೇಳುತ್ತೇನೆ ಅಂತ ಮೊದಲ ಮೀಟಿಂಗಿನಲ್ಲೇ ಕೇಳಬೇಕು.