ನೀರಿನ ಬಾಟಲಿಯಲ್ಲಿ ಟರ್ಪೆಂಟೈನ್ ಕೊಟ್ಟರೆ ಕೊಳ್ಳಬೇಡಿ

ಹುತ್ತರಿಗೆ ಮೊದಲು ಮನೆಗೆ ಬಣ್ಣ ಹೊಡೆಸುವವರೆಲ್ಲ ಇದನ್ನು ಓದಿ, ಅದರಲ್ಲೂ ಮನೆಯಲ್ಲಿ ಸಣ್ಣ ಮಕ್ಕಳಿರುವವರು.

ವಿರಾಜಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ಕೇಳಿದ್ದು ಸೀಲ್ ಇರುವ ಡಬ್ಬಿಯ ಟರ್ಪೆಂಟೈನ್. "ಡಬ್ಬಿ ಖಾಲಿಯಾಗಿದೆ ಮೇಡಂ, ಇದೂ ಅದೇ ಮಾಲು" ಎಂದು ಕುಡಿಯುವ ನೀರಿನ ಹಳೆಯ ಬಾಟಲಿಗೆ ಸುರಿದು ಕೊಟ್ಟರು. ನೀರಿನ ಕಂಪನಿಯ ಲೇಬಲ್ ಕೂಡ ಹಾಗೆಯೇ ಇತ್ತು! ಬಣ್ಣದವನು ಬ್ರಷ್ ತೊಳೆದು ಬಾಟಲಿಯನ್ನು ಜಗಲಿಯ ಮೇಲಿಟ್ಟಿದ್ದ. ಎರಡು ವರ್ಷದ ನನ್ನ ಮಗನಿಗೆ ಅದು ನೀರು. ಒಂದೇ ಗುಟುಕು. ಕೆಮ್ಮು ಶುರುವಾಯಿತು, ನಿಲ್ಲಲೇ ಇಲ್ಲ.

ಪಕ್ಕದ ಮನೆಯವರು ವಾಂತಿ ಮಾಡಿಸಲು ಉಪ್ಪುನೀರು ತಂದರು. ಫೋನಿನಲ್ಲಿದ್ದ ಡಾಕ್ಟರ್ ಬೇಡವೇ ಬೇಡ ಎಂದು ಕೂಗಿದರು. ಟರ್ಪೆಂಟೈನ್, ಥಿನ್ನರ್, ಸೀಮೆಎಣ್ಣೆ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೆಚ್ಚು ಅಪಾಯ. ವಾಂತಿಯಾಗುವಾಗ ಅದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಉಪ್ಪುನೀರು, ಹಾಲು, ಎಣ್ಣೆ ಏನೂ ಬೇಡ. ಬಟ್ಟೆಗೆ ಚೆಲ್ಲಿದ್ದರೆ ಬಿಚ್ಚಿ, ಮೈ ತೊಳೆದು, ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸ್‌ಗೆ 108, ವಿಷದ ಬಗ್ಗೆ ಕೇಳಲು ದೆಹಲಿಯ ಏಮ್ಸ್ ಕೇಂದ್ರದ ಉಚಿತ ಸಂಖ್ಯೆ 1800 116 117. ಮಗು ಆಡಿಕೊಂಡಿದೆ ಎಂದು ಸುಮ್ಮನಿರಬೇಡಿ, ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಬಹುದು. ಮಡಿಕೇರಿಯಲ್ಲಿ ಎದೆಯ ಎಕ್ಸ್‌-ರೇ ತೆಗೆದು ರಾತ್ರಿಯಿಡೀ ನೋಡಿಕೊಂಡರು. ಈಗ ಹುಷಾರಾಗಿದ್ದಾನೆ.

ಆಮೇಲೆ ಅಂಗಡಿಗೆ ಹೋದೆ. ಮಾಲೀಕರ ಬೆನ್ನ ಹಿಂದಿನ ಕಪಾಟಿನಲ್ಲಿ ಡಬ್ಬಿಗಳು ಸಾಲಾಗಿ ನಿಂತಿದ್ದವು, ಮೇಲೆ ಧೂಳು ಕೂತಿತ್ತು. ಧೂಳು! ಅಂದರೆ ನಾನು ಕೇಳಿದ ದಿನವೂ ಅವು ಅಲ್ಲಿಯೇ ಇದ್ದವು. ಒಂದನ್ನು ಇಳಿಸಿ ನೋಡಿದರೆ ಅಪಾಯದ ಗುರುತು, ಮಕ್ಕಳಿಂದ ದೂರವಿಡಿ ಎಂಬ ಸೂಚನೆ, ಎಲ್ಲವೂ ಇದೆ. ನನಗೆ ಕೊಟ್ಟ ಬಾಟಲಿಯ ಮೇಲೆ ಇದ್ದದ್ದು ಶುದ್ಧ ನೀರು ಎಂಬ ಬರಹ.

"ಎಲ್ಲರೂ ಹೀಗೆಯೇ ಒಯ್ಯುತ್ತಾರೆ, ಯಾರಿಗೂ ಏನೂ ಆಗಿಲ್ಲ" ಎಂದರು. ಡಬ್ಬಿ ಇಲ್ಲವೆಂದು ಏಕೆ ಹೇಳಿದಿರಿ ಎಂದರೆ, "ಹುಡುಗನಿಗೆ ಗೊತ್ತಾಗಿಲ್ಲ". ಸುರಿದು ಕೊಟ್ಟವರು ಸ್ವತಃ ಇವರೇ! ನನ್ನ ದನಿ ಏರಿದ್ದಕ್ಕೆ, ಮೊಳೆ ಕೊಳ್ಳಲು ಬಂದವರೆಲ್ಲ ಕೇಳುವಂತೆ, "ಮಗುವನ್ನು ನೋಡಿಕೊಳ್ಳುವುದು ತಾಯಿಯ ಕೆಲಸವಲ್ಲವೇ?" ಎಂದರು. ಎಲ್ಲರೂ ನನ್ನ ಕಡೆಗೆ ತಿರುಗಿದರು. ಅವರ ಕಡೆಗೆ ಯಾರೂ ನೋಡಲಿಲ್ಲ. ಆ ಅವಮಾನ ಇನ್ನೂ ಉರಿಯುತ್ತಿದೆ.

ಡಬ್ಬಿಯನ್ನೇ ಕೇಳಿ, ಬಿಲ್ ಕೇಳಿ. ಕೊಡದಿದ್ದರೆ ಬೇರೆ ಅಂಗಡಿಗೆ ಹೋಗಿ. ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ, ಬಿಲ್ ಬರೆದುಕೊಡಿ ಎಂದು ನಾನು ಕೊನೆಗೆ ಕೇಳಿದ್ದಕ್ಕೆ, ಬಿಡಿ ಮಾಲಿಗೆ ಬಿಲ್ ಇಲ್ಲವಂತೆ. "ಬೇಕಾದರೆ ದುಡ್ಡು ವಾಪಸ್ ತೆಗೆದುಕೊಳ್ಳಿ, ಬಾಟಲಿ ತಂದುಕೊಡಿ" ಎಂದರು. ಬಾಟಲಿ ನನ್ನ ಬಳಿಯೇ ಇದೆ, ಕೊಡುವುದಿಲ್ಲ.