ಮೂರು ಕ್ಯಾಮೆರಾ, ಒಂದೇ ಮಿಂಚುಳ್ಳಿ: ಹಕ್ಕಿ ಛಾಯಾಗ್ರಹಣಕ್ಕೆ ಹೊಸಬರು ಯಾವುದನ್ನು ಕೊಳ್ಳಬೇಕು?

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಕ್ಯಾಮೆರಾ ಹಿಡಿದು ನಿಂತವರನ್ನು ವಾಯುವಿಹಾರಕ್ಕೆ ಬಂದವರು ತಪ್ಪದೆ ಕೇಳುವ ಪ್ರಶ್ನೆ ‘ಇದು ಎಷ್ಟು ದೂರ ಎಳೆಯುತ್ತದೆ?’ ಎಂಬುದು. ಮೊದಲ ಕ್ಯಾಮೆರಾ ಕೊಳ್ಳುವಾಗ ಅಂಗಡಿಯಲ್ಲಿ ನಾನು ಕೇಳಿದ್ದೂ ಇದನ್ನೇ. ಆಮೇಲೆ ಕೆಲವು ವರ್ಷಗಳಲ್ಲಿ ಮೂರು ಬಗೆಯ ಸಲಕರಣೆಗಳನ್ನು ಇದೇ ಏರಿಯ ಮೇಲೆ, ರಂಗನತಿಟ್ಟಿನ ದೋಣಿಯಲ್ಲಿ ಮತ್ತು ನಮ್ಮ ಮನೆಯ ಹಿತ್ತಲಿನಲ್ಲಿ ಬಳಸಿ ನೋಡಿದೆ. ದೂರ ಎಳೆಯುವ ಶಕ್ತಿಯನ್ನು ಮೊದಲ ಅಳತೆಗೋಲಾಗಿ ಹಿಡಿದು ಕ್ಯಾಮೆರಾ ಕೊಂಡವರು ಒಂದೆರಡು ವರ್ಷದಲ್ಲೇ ಮತ್ತೊಂದನ್ನು ಕೊಳ್ಳಬೇಕಾಗುತ್ತದೆ ಎಂಬುದು ನನ್ನ ಅನುಭವ. ಹೊಸದಾಗಿ ಹಣ ಹಾಕಲು ಹೊರಟವರಿಗೆ ಆ ಎರಡನೆಯ ಖರ್ಚು ಬಾರದಿರಲಿ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಬಳಸಿದ ಮೂರು ಜೋಡಣೆಗಳು ಹೀಗಿವೆ. ಮೊದಲನೆಯದು ಲೆನ್ಸ್ ಬಿಚ್ಚಲಾಗದ ಸೂಪರ್‌ಜೂಮ್ ಕ್ಯಾಮೆರಾ, ನಿಕಾನ್ ಕೂಲ್‌ಪಿಕ್ಸ್ ಪಿ900. ಇದರ ಜೂಮ್ ವ್ಯಾಪ್ತಿ ಫುಲ್‌ಫ್ರೇಮ್ ಲೆಕ್ಕದಲ್ಲಿ, ಅಂದರೆ ಚಿತ್ರ ಮೂಡುವ ಫಲಕವಾದ ಸೆನ್ಸರ್ ಹಳೆಯ 35 ಎಂಎಂ ಫಿಲ್ಮಿನಷ್ಟು ದೊಡ್ಡದಿದ್ದರೆ ಎಂಬ ಲೆಕ್ಕದಲ್ಲಿ, 24ರಿಂದ 2000 ಎಂಎಂ (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಕಾಣುತ್ತದೆ), ತೂಕ ಸುಮಾರು 900 ಗ್ರಾಂ. ಎರಡನೆಯದು ಒಳಗಿನ ಕನ್ನಡಿಯ ಮೂಲಕ ದೃಶ್ಯ ತೋರಿಸುವ ಡಿಎಸ್‌ಎಲ್‌ಆರ್: ನಿಕಾನ್ ಡಿ7200, ಅದಕ್ಕೆ 200-500 ಎಂಎಂ ಎಫ್5.6 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು), ಎರಡೂ ಸೇರಿ ಮೂರು ಕಿಲೋಗಿಂತ ತುಸು ಹೆಚ್ಚು, ಅದರಲ್ಲಿ ಲೆನ್ಸೊಂದೇ 2300 ಗ್ರಾಂ. ಮೂರನೆಯದು ಆ ಕನ್ನಡಿಯಿಲ್ಲದ, ಸೆನ್ಸರಿಗೆ ಕಾಣುವುದನ್ನೇ ಪುಟ್ಟ ಪರದೆಯಲ್ಲಿ ತೋರಿಸುವ ಮಿರರ್‌ಲೆಸ್: ಕ್ಯಾನನ್ ಆರ್10 ಮತ್ತು ಆರ್‌ಎಫ್ 100-400 ಎಂಎಂ ಎಫ್5.6-8, ಒಟ್ಟು ತೂಕ ಒಂದು ಕಿಲೋ ಅರವತ್ತು ಗ್ರಾಂ ಆಸುಪಾಸು. ಕೊನೆಯ ಎರಡರ ಸೆನ್ಸರ್ ಫುಲ್‌ಫ್ರೇಮಿಗಿಂತ ಚಿಕ್ಕದಾದ್ದರಿಂದ ಡಿ7200ರಲ್ಲಿ 500 ಎಂಎಂ ಎಂಬುದು 750 ಎಂಎಂನಷ್ಟು ನೋಟವನ್ನೂ, ಆರ್10ರಲ್ಲಿ 400 ಎಂಎಂ ಎಂಬುದು 640 ಎಂಎಂನಷ್ಟು ನೋಟವನ್ನೂ ಕೊಡುತ್ತದೆ. ಕಾಗದದ ಮೇಲೆ ನೋಡಿದರೆ 2000ದ ಮುಂದೆ ಇವೆರಡೂ ಗಿಡ್ಡವಾಗಿಯೇ ಕಾಣುತ್ತವೆ.

ಆದರೆ ಆ 2000 ಎಂಬ ಸಂಖ್ಯೆಯ ಹಿಂದಿನ ನಿಜವನ್ನು ತಿಳಿದುಕೊಳ್ಳಬೇಕು. ಪಿ900ರ ಲೆನ್ಸಿನ ವಾಸ್ತವದ ಫೋಕಲ್ ಲೆಂತ್ (ಎಂಎಂನಲ್ಲಿ ಹೇಳುವ ಆ ಅಳತೆ) ಕೊನೆಯ ತುದಿಯಲ್ಲಿ 357 ಎಂಎಂ ಮಾತ್ರ. ಅದರ ಸೆನ್ಸರ್ ಹೆಚ್ಚುಕಡಿಮೆ ಆರು ಮಿಲಿಮೀಟರ್ ಅಗಲದ್ದಾದ್ದರಿಂದ ಚಿತ್ರದ ನಡುಭಾಗವಷ್ಟೇ ದೊಡ್ಡದಾಗಿ ಕಾಣುತ್ತದೆ. ಡಿ7200ರ ಸೆನ್ಸರ್ ವಿಸ್ತೀರ್ಣದಲ್ಲಿ ಅದಕ್ಕಿಂತ ಸುಮಾರು 13 ಪಟ್ಟು ದೊಡ್ಡದು. ದೂರದ ಹಕ್ಕಿಯಿಂದ ಎಷ್ಟು ಬೆಳಕು ಕ್ಯಾಮೆರಾದೊಳಗೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಲೆನ್ಸಿನ ಕಂಡಿಯ ಅಳತೆ, ಅಂದರೆ ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದಾಗ ಬರುವ ವ್ಯಾಸ. ಪಿ900ರಲ್ಲಿ 357ನ್ನು 6.5ರಿಂದ ಭಾಗಿಸಿದರೆ 55 ಎಂಎಂ, ಆರ್‌ಎಫ್ 100-400ರಲ್ಲಿ 400ನ್ನು 8ರಿಂದ ಭಾಗಿಸಿದರೆ 50 ಎಂಎಂ, 200-500ರಲ್ಲಿ 500ನ್ನು 5.6ರಿಂದ ಭಾಗಿಸಿದರೆ 89 ಎಂಎಂ. ವ್ಯಾಸದಲ್ಲಿ ಕಾಣುವ ಈ ವ್ಯತ್ಯಾಸ ವಿಸ್ತೀರ್ಣಕ್ಕೆ ಬಂದಾಗ ಇನ್ನೂ ಹಿಗ್ಗುತ್ತದೆ: ಒಂದೇ ಕೊಂಬೆಯ ಮೇಲೆ ಕುಳಿತ ಒಂದೇ ಹಕ್ಕಿಯಿಂದ, ಅಷ್ಟೇ ಹೊತ್ತಿನಲ್ಲಿ, ದೊಡ್ಡ ಲೆನ್ಸು ಕ್ಯಾನನ್ನಿನ ಚಿಕ್ಕ ಲೆನ್ಸಿಗಿಂತ ಮೂರು ಪಟ್ಟಿಗೂ ಹೆಚ್ಚು ಬೆಳಕನ್ನು ಬಾಚಿಕೊಳ್ಳುತ್ತದೆ. ಮೂರು ಕಿಲೋ ಹೊರುವುದಕ್ಕೆ ಸಿಗುವ ಕೂಲಿ ಇದೇ.

ಇದನ್ನು ಕಣ್ಣಾರೆ ನೋಡಬೇಕೆಂದು ಡಿಸೆಂಬರಿನ ಒಂದು ಮಂಜು ಮುಸುಕಿದ ಬೆಳಿಗ್ಗೆ, ಏಳು ಗಂಟೆಗೆ ಇನ್ನೂ ಕಾಲು ಗಂಟೆ ಇರುವಾಗ, ಮೂರನ್ನೂ ಒಟ್ಟಿಗೆ ಒಯ್ದೆ. ಕೆರೆಯ ಅಂಚಿನ ಒಣಕೊಂಬೆಯ ಮೇಲೆ, ಸುಮಾರು 20 ಮೀಟರ್ ದೂರದಲ್ಲಿ, ಗದ್ದೆ ಮಿಂಚುಳ್ಳಿಯೊಂದು ತಲೆಯನ್ನಷ್ಟೇ ಆಡಿಸುತ್ತ ಕುಳಿತಿತ್ತು. ಡಿ7200ರಲ್ಲಿ ಸೆಕೆಂಡಿನ 500ನೇ ಒಂದು ಭಾಗದ ಶಟರ್ ವೇಗಕ್ಕೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ, ಹೆಚ್ಚಿಸಿದಷ್ಟೂ ಚಿತ್ರ ಒರಟಾಗುತ್ತದೆ) 1600 ಸಾಕಾಯಿತು. ಅದೇ ವೇಗಕ್ಕೆ ಆರ್10ರಲ್ಲಿ 3200 ಬೇಕಾಯಿತು, ಏಕೆಂದರೆ ಎಫ್5.6ರಿಂದ ಎಫ್8ಕ್ಕೆ ಹೋದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಪಿ900ರಲ್ಲಿ ಐಎಸ್‌ಒ 800 ದಾಟಿದರೆ ಗರಿಯ ಎಳೆಗಳು ಬಣ್ಣ ಬಳಿದಂತೆ ಕಲಸಿಹೋಗುತ್ತವೆಯೆಂದು ತಿಳಿದಿದ್ದರಿಂದ ವೇಗವನ್ನು 125ನೇ ಒಂದು ಭಾಗಕ್ಕೆ ಇಳಿಸಿಕೊಂಡೆ. ಹಕ್ಕಿ ತಲೆ ಹೊರಳಿಸಿದ ಚಿತ್ರಗಳೆಲ್ಲ ಅಲುಗಿದವು, ಅಲ್ಲಾಡದೆ ಕುಳಿತ ಎರಡು ಮಾತ್ರ ಉಳಿದವು.

ಮನೆಗೆ ಬಂದು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಹಕ್ಕಿಯ ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಪಿ900 ಸುಮಾರು 3700 ಪಿಕ್ಸೆಲ್, ಡಿ7200 ಸುಮಾರು 1800, ಆರ್10 ಸುಮಾರು 1500 ಪಿಕ್ಸೆಲ್ ಕೊಟ್ಟಿತ್ತು. ಎರಡು ಪಟ್ಟು ಪಿಕ್ಸೆಲ್ ಇದ್ದರೂ ಪಿ900ರ ಚಿತ್ರದಲ್ಲಿ ಎದೆಯ ಬಿಳಿ ಗರಿಗಳು ಹತ್ತಿಯ ಉಂಡೆಯಂತೆ ಒಂದಾಗಿದ್ದವು. ಡಿ7200ರ ಚಿತ್ರದಲ್ಲಿ ಅದೇ ಎದೆಯ ಮೇಲೆ, ಬಿಳಿಯು ಕಂದು ಬಣ್ಣಕ್ಕೆ ತಿರುಗುವ ಅಂಚಿನಲ್ಲಿ, ಇಬ್ಬನಿಗೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದ ಗರಿಗಳನ್ನು ಎಣಿಸಬಹುದಾಗಿತ್ತು. ಆರ್10ರ ಚಿತ್ರದಲ್ಲಿ ಅವು ಕಂಡವು, ಆದರೆ ಮರಳು ಉದುರಿಸಿದಂತಹ ನಾಯ್ಸ್ ಜೊತೆಗಿತ್ತು. ರಾ ಕಡತವನ್ನು, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತವನ್ನು, ತಂತ್ರಾಂಶದಲ್ಲಿ ಸೋಸಿದ ಮೇಲೆ ಮುದ್ರಿಸಲು ಯೋಗ್ಯವಾಯಿತು. ಪಿ900ರಲ್ಲಿ ರಾ ಕಡತವೇ ಇಲ್ಲದ್ದರಿಂದ ಆ ದಾರಿ ಮುಚ್ಚಿದೆ. 2020ರಲ್ಲಿ ಬಂದ ಪಿ950ರಲ್ಲಿ ರಾ ಇದೆ. ಈ ವರ್ಗದಲ್ಲೇ ಕೊಳ್ಳುವವರು ಪಿ900ಕ್ಕಿಂತ ಅದನ್ನು ಆರಿಸುವುದು ಒಳ್ಳೆಯದು.

ಅದೇ ಬೆಳಿಗ್ಗೆ ಎಂಟೂವರೆಯ ಬಿಸಿಲು ಬಂದ ಮೇಲೆ ಸ್ಥಿತಿ ಬದಲಾಯಿತು ಎಂಬುದನ್ನೂ ಹೇಳಲೇಬೇಕು. ನಡುಗಡ್ಡೆಯ ಮರದ ತುದಿಯಲ್ಲಿ ಗೂಡಿನ ಬಳಿ ನಿಂತಿದ್ದ ಹೆಜ್ಜಾರ್ಲೆಯನ್ನು ಏರಿಯಿಂದಲೇ, ಅದಕ್ಕೆ ಕಿಂಚಿತ್ತೂ ಅಡ್ಡಿಯಾಗದಂತೆ, ಚೌಕಟ್ಟು ತುಂಬ ತೋರಿಸಿದ್ದು ಪಿ900 ಒಂದೇ. ಬಿಸಿಲು ಚೆನ್ನಾಗಿದ್ದು ಹಕ್ಕಿ ಸುಮ್ಮನಿದ್ದರೆ, ದೂರದ ಹಕ್ಕಿ ಯಾವುದೆಂದು ಗುರುತಿಸಿ ಪಟ್ಟಿಗೆ ಸೇರಿಸುವುದಷ್ಟೇ ಉದ್ದೇಶವಾಗಿದ್ದರೆ, ಈ ಮೂರರಲ್ಲಿ ಇದಕ್ಕೆ ಸಾಟಿಯಿಲ್ಲ. ಒಂಬತ್ತು ಗಂಟೆ ದಾಟಿದ ಮೇಲೆ ನೀರಿನ ಮೇಲಿನ ಬಿಸಿಗಾಳಿ ಅಲೆಯಾಡತೊಡಗಿದರೆ ಮಾತ್ರ ಯಾವ ಲೆನ್ಸೂ ಪ್ರಯೋಜನಕ್ಕೆ ಬರುವುದಿಲ್ಲ. 2000 ಎಂಎಂ ಆ ಅಲೆಗಳನ್ನೇ ದೊಡ್ಡದಾಗಿ ತೋರಿಸುತ್ತದೆ.

ಹಾರುವ ಹಕ್ಕಿಯ ವಿಷಯಕ್ಕೆ ಬಂದಾಗ ಮೂರರ ಅಂತರ ಬಹಳ ದೊಡ್ಡದು. ಕಪ್ಪು ಬಿಳಿ ಮಿಂಚುಳ್ಳಿಯು ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ತೇಲಿ ನಿಂತು, ಮೀನು ಕಂಡೊಡನೆ ಕಲ್ಲು ಬಿದ್ದಂತೆ ಎರಗುತ್ತದೆ. ಹೊಸಬರು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಹಕ್ಕಿಯಿಲ್ಲ, ಏಕೆಂದರೆ ಅದು ನಿಂತಲ್ಲಿ ನಾಲ್ಕಾರು ಸೆಕೆಂಡು ಸಮಯ ಕೊಡುತ್ತದೆ. ಪಿ900ರ ಮೋಟಾರು ಲೆನ್ಸನ್ನು ಹೊರಚಾಚಿ ಫೋಕಸ್ ಹುಡುಕುವಷ್ಟರಲ್ಲಿ ಆ ಸಮಯ ಮುಗಿದಿರುತ್ತಿತ್ತು. ಲೆನ್ಸಿನ ಪಕ್ಕದ ಗುಂಡಿಯನ್ನು ಒತ್ತಿದರೆ ನೋಟ ತಾತ್ಕಾಲಿಕವಾಗಿ ಅಗಲವಾಗಿ, ಕಳೆದುಹೋದ ಹಕ್ಕಿಯನ್ನು ಮತ್ತೆ ಹುಡುಕಿಕೊಳ್ಳುವ ಅನುಕೂಲ ಅದರಲ್ಲಿದೆ. ಕುಳಿತ ಹಕ್ಕಿಗೆ ಅದು ನೆರವಾಗುತ್ತದೆ, ಎರಗುವ ಹಕ್ಕಿಗೆ ಸಾಲದು. ಡಿ7200ರಲ್ಲಿ ಫೋಕಸ್ ಬಿಂದುವನ್ನು ಹಕ್ಕಿಯ ಮೇಲೆ ಇರಿಸುವ ಹೊಣೆ ಪೂರ್ತಿ ನಮ್ಮದು. ಮೂರು ಕಿಲೋ ಭಾರವನ್ನು ಎತ್ತಿ ಹಿಡಿದು, ಆ ಪುಟ್ಟ ಚೌಕವನ್ನು ನಡುಗದಂತೆ ಹಕ್ಕಿಯ ಜೊತೆ ಒಯ್ಯುವುದನ್ನು ಕಲಿಯಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು. ಕಲಿತ ಮೇಲೆ ಬಂದ ಚಿತ್ರಗಳು ಇಂದಿಗೂ ನನ್ನಲ್ಲಿರುವ ಅತ್ಯುತ್ತಮ ಚಿತ್ರಗಳು. ಆರ್10 ಈ ಹೊಣೆಯಲ್ಲಿ ಅರ್ಧವನ್ನು ತಾನೇ ಹೊರುತ್ತದೆ: ಚೌಕಟ್ಟಿನಲ್ಲಿ ಹಕ್ಕಿ ಕಂಡೊಡನೆ ಅದನ್ನು ಗುರುತಿಸಿ, ಸಾಕಷ್ಟು ದೊಡ್ಡದಾಗಿದ್ದರೆ ಕಣ್ಣಿನ ಮೇಲೆಯೇ ಚೌಕ ಕೂರಿಸಿ, ಹಕ್ಕಿ ಓಡಾಡಿದಂತೆ ಅದನ್ನು ಓಡಾಡಿಸುತ್ತದೆ. ಮೊದಲ ದಿನವೇ ಮಿಂಚುಳ್ಳಿ ಎರಗುವ ನಾಲ್ಕು ಸ್ಪಷ್ಟ ಚಿತ್ರಗಳು ಸಿಕ್ಕಾಗ, ಆ ಚಳಿಗಾಲದ ಶ್ರಮ ನೆನಪಾಗಿ ನಾನು ಬಹಳ ಹೊತ್ತು ಆ ಚಿತ್ರಗಳನ್ನೇ ನೋಡುತ್ತ ಕುಳಿತಿದ್ದೆ.

ಇದರ ಗುರುತಿಸುವಿಕೆಗೂ ಮಿತಿಯಿದೆ. ಜೊಂಡಿನ ಒಳಗೆ ಅಡಗಿದ ಪುಟ್ಟ ಹಕ್ಕಿಗಳಿಗೆ, ಎಲೆಯ ಮರೆಯಿಂದ ಇಣುಕುವ ಟುವ್ವಿ ಹಕ್ಕಿಗೆ ಅದು ಸೋಲುತ್ತದೆ. ಫೋಕಸ್ ಮುಂದಿನ ಕಡ್ಡಿಗೋ ಹಿಂದಿನ ಪೊದೆಗೋ ಹಾರುತ್ತದೆ. ಅಂತಹ ಕಡೆ ಹಳೆಯ ರೀತಿಯಲ್ಲಿ ಒಂದೇ ಬಿಂದುವಿಗೆ ಬದಲಾಯಿಸಿಕೊಳ್ಳಬೇಕು, ಆದ್ದರಿಂದ ಆ ವಿದ್ಯೆಯನ್ನು ಕಲಿಯದೆ ಬಿಡುವಂತಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಕೂಡ ಕುಳಿತ ಹಕ್ಕಿಗಷ್ಟೇ ಸರಿ. ವೇಗವಾಗಿ ಬಡಿಯುವ ರೆಕ್ಕೆಗಳು ಅದರಲ್ಲಿ ಬಾಗಿದಂತೆ ದಾಖಲಾಗುತ್ತವೆ. ಮೆಕ್ಯಾನಿಕಲ್ ಶಟರಿನಲ್ಲಿಯೇ ಸೆಕೆಂಡಿಗೆ 15 ಚಿತ್ರ ಬರುವುದರಿಂದ ಹಾರಾಟಕ್ಕೆ ಅದನ್ನೇ ಇಟ್ಟುಕೊಳ್ಳಬೇಕು.

ಬೆಳ್ಳಕ್ಕಿಯ ಬಿಳುಪನ್ನು ಉಳಿಸಿಕೊಳ್ಳುವುದು ಹೊಸಬರಿಗೆ ಎದುರಾಗುವ ಇನ್ನೊಂದು ಕಷ್ಟ. ಡಿಎಸ್‌ಎಲ್‌ಆರ್‌ನ ಗಾಜಿನ ಕಿಂಡಿಯಲ್ಲಿ ಕಾಣುವುದು ನಮ್ಮ ಕಣ್ಣಿಗೆ ಕಾಣುವ ದೃಶ್ಯವೇ ಹೊರತು ಬರಲಿರುವ ಚಿತ್ರವಲ್ಲ. ಕಪ್ಪು ನೀರಿನ ಮುಂದೆ ನಿಂತ ಬೆಳ್ಳಕ್ಕಿಯ ಗರಿಗಳು ಅತಿ ಬೆಳಕಿಗೆ ಬರೀ ಬಿಳಿಯಾಗಿ ‘ಸುಟ್ಟುಹೋಗಿವೆ’ ಎಂದು ಗೊತ್ತಾಗುವುದು ಆಮೇಲೆ. ಮಿರರ್‌ಲೆಸ್‌ನಲ್ಲಿ ಬೆಳಕನ್ನು ತಗ್ಗಿಸುತ್ತ ಹೋದಂತೆ ಕುತ್ತಿಗೆಯ ಗರಿಗಳು ಮರಳಿ ಮೂಡುವುದು ಕಣ್ಣೆದುರೇ ಕಾಣುತ್ತದೆ. ಎಕ್ಸ್‌ಪೋಶರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ) ಎಂದರೇನೆಂದು ನನಗೆ ನಿಜವಾಗಿ ಅರ್ಥವಾದದ್ದು ಹೀಗೆ ನೋಡಿದ ಮೇಲೆ.

ರಂಗನತಿಟ್ಟಿನಲ್ಲಿ ಲೆಕ್ಕವೇ ತಲೆಕೆಳಗಾಯಿತು. ಅಲ್ಲಿ ದೋಣಿಯು ಬಂಡೆಗಳ ಪಕ್ಕದಲ್ಲೇ ಸಾಗುವುದರಿಂದ ಬಣ್ಣದ ಕೊಕ್ಕರೆಗಳು, ಬಾಯ್ಕಳಕಗಳು ಕೆಲವೊಮ್ಮೆ ಹತ್ತು ಮೀಟರಿಗೂ ಹತ್ತಿರ ಸಿಗುತ್ತವೆ. ದೊಡ್ಡ ಲೆನ್ಸು ತನ್ನ ಅತಿ ಅಗಲದ 200 ಎಂಎಂನಲ್ಲಿಯೂ ರೆಕ್ಕೆ ಬಿಚ್ಚಿದ ಕೊಕ್ಕರೆಯ ತುದಿಗರಿಗಳನ್ನು ಕತ್ತರಿಸಿತು. ಅಲುಗುವ ದೋಣಿಯಲ್ಲಿ ಒಂಟಿಗಾಲಿನ ಮಾನೋಪಾಡ್ ಊರಲು ಆಗಲಿಲ್ಲ. ಜೂಮ್ ಉಂಗುರವನ್ನು 500ರಿಂದ 200ಕ್ಕೆ ತರಲು ಮಣಿಕಟ್ಟನ್ನು ಎರಡು ಸಲ ತಿರುಗಿಸಬೇಕಾದ್ದರಿಂದ ಎಷ್ಟೋ ಕ್ಷಣಗಳು ಕೈತಪ್ಪಿದವು. 100-400 ಅಲ್ಲಿ ಹೇಳಿಮಾಡಿಸಿದಂತಿತ್ತು. ಹಿತ್ತಲಿನ ದಾಸವಾಳಕ್ಕೆ ಬರುವ ಸೂರಕ್ಕಿಗೂ ಅದೇ ಒಳ್ಳೆಯದು: ಹಕ್ಕಿಯ ಉದ್ದ ಹತ್ತು ಸೆಂಟಿಮೀಟರ್ ಕೂಡ ಇಲ್ಲ, ಅದನ್ನು ಚೌಕಟ್ಟಿನಲ್ಲಿ ದೊಡ್ಡದಾಗಿ ತೋರಿಸಲು ಹತ್ತಿರದಿಂದ ಫೋಕಸ್ ಮಾಡುವ ಶಕ್ತಿ ಬೇಕು. ಆರ್‌ಎಫ್ ಲೆನ್ಸು ಸುಮಾರು ಒಂದು ಮೀಟರಿನಿಂದಲೇ ಫೋಕಸ್ ಮಾಡುತ್ತದೆ, 200-500ಕ್ಕೆ 2.2 ಮೀಟರ್ ಬೇಕು, ಪಿ900ಕ್ಕೆ ಪೂರ್ಣ ಜೂಮಿನಲ್ಲಿ ಸುಮಾರು ಐದು ಮೀಟರ್.

ಇನ್ನು ತೂಕದ ಮಾತು. ಡಿ7200 ಜೋಡಣೆ ಇದ್ದ ವರ್ಷಗಳಲ್ಲಿ ನಾನು ಭಾನುವಾರ ಮಾತ್ರ ಹೊರಡುತ್ತಿದ್ದೆ, ಅದೂ ಹಿಂದಿನ ರಾತ್ರಿಯೇ ಚೀಲ ಕಟ್ಟಿಟ್ಟು. ಒಂದು ಕಿಲೋದ ಕ್ಯಾಮೆರಾ ಬಂದ ಮೇಲೆ ವಾರದ ದಿನಗಳಲ್ಲಿಯೂ ಕೆಲಸಕ್ಕೆ ಹೋಗುವ ಮುನ್ನ ನಲವತ್ತು ನಿಮಿಷ ಏರಿಯ ಮೇಲೆ ನಡೆದುಬರುವುದು ರೂಢಿಯಾಯಿತು. ಮಡಿವಾಳ ಹಕ್ಕಿ ಯಾವ ಕೊಂಬೆಯಲ್ಲಿ ಹಾಡುತ್ತದೆ, ನೀರುಕಾಗೆ ಎಷ್ಟು ಹೊತ್ತಿಗೆ ಯಾವ ಕಲ್ಲಿನ ಮೇಲೆ ರೆಕ್ಕೆ ಒಣಗಿಸುತ್ತದೆ ಎಂಬುದು ತಿಳಿದದ್ದು ಆಗಲೇ, ಮತ್ತು ಅದು ತಿಳಿದ ಮೇಲೆ 20 ಮೀಟರಿನ ಬದಲು ಎಂಟು ಮೀಟರಿನಲ್ಲಿ ಕಾದು ಕೂರಲು ಸಾಧ್ಯವಾಯಿತು. ಎಂಟು ಮೀಟರಿನಲ್ಲಿ 400 ಎಂಎಂ ಕೊಡುವ ಚಿತ್ರವನ್ನು 20 ಮೀಟರಿನಲ್ಲಿ 500 ಎಂಎಂ ಕೊಡಲಾರದು.

ಆದ್ದರಿಂದ ನಡೆದಾಡುತ್ತ ಹಕ್ಕಿ ನೋಡುವ ಹೊಸಬರಿಗೆ ನನ್ನ ಆಯ್ಕೆ ಮೂರನೆಯದು. ಮಲೆನಾಡಿನ ದಟ್ಟ ನೆರಳಿನಲ್ಲಿ ಮರೆಯಲ್ಲಿ ಕುಳಿತು ತೆಗೆಯುವುದೇ ಹೆಚ್ಚು ಎನ್ನುವವರಿಗೆ ಎಫ್8 ಸಾಲದು. ಅವರು ಮುಜುಗರಪಡದೆ ಸೆಕೆಂಡ್‌ಹ್ಯಾಂಡ್ ಡಿ7200 ಮತ್ತು 200-500ನ್ನೇ ಹುಡುಕಲಿ. ಬಳಸಿದ್ದನ್ನು ಕೊಳ್ಳುವಾಗ ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ, ಜೇಡರ ಬಲೆಯಂತಹ ಬೂಷ್ಟು ಕಂಡರೆ ಬಿಟ್ಟುಬಿಡಬೇಕು. ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಬೇಕು, ಡಿ7200ರ ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಲಾಗಿದೆ. ಲೆನ್ಸ್ ಬಿಚ್ಚಬಹುದಾದ ಯಾವುದನ್ನು ಕೊಂಡರೂ ಕ್ಯಾಮೆರಾದ ಜೊತೆಗೆ ಮಾರುವ 18-55ರಂತಹ ಕಿಟ್ ಲೆನ್ಸಿಗೆ ಹಣ ಹಾಕದೆ ಬಾಡಿಯನ್ನಷ್ಟೇ ಕೊಂಡು, ಉಳಿದದ್ದನ್ನು ಉದ್ದದ ಲೆನ್ಸಿಗೆ ಸೇರಿಸುವುದು ಲೇಸು.

ನಮ್ಮ ಮನೆಯಲ್ಲಿ ಈಗ ಪಿ900 ನನ್ನ ಮಾವನವರ ಬಳಿ ಇದೆ. ಮಂಡಿನೋವಿನಿಂದ ಹೆಚ್ಚು ನಡೆಯಲಾಗದ ಅವರು ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು, ದೂರದ ತೆಂಗಿನ ಗರಿಯ ಮೇಲೆ ಬಂದು ಕೂರುವ ಗರುಡನನ್ನು ದಿನವೂ ಹತ್ತು ಗಂಟೆಯೊಳಗೆ ತೆಗೆದು, ಸಂಜೆ ನನಗೆ ತೋರಿಸುತ್ತಾರೆ.