ಇಮ್ಯಾಟಿನಿಬ್ 400 ಮಾತ್ರೆ, ಅಪ್ಪ ಎರಡು ವರ್ಷ ನುಂಗಿದ ಮೇಲೆ ಬರೀತಿರೋ ರಿವ್ಯೂ

ಮಿಕ್ಸಿಗೆಲ್ಲ ರಿವ್ಯೂ ಬರೀತೀವಿ, ಮನೇಲಿ ದಿನಾ ಊಟ ಆದ್ಮೇಲೆ ನುಂಗೋ ಈ ಮಾತ್ರೆಗೆ ಯಾಕೆ ಬೇಡ ಅಂತ ಕೂತೆ. ನಮ್ಮಪ್ಪಂಗೆ 61, ತುಮಕೂರು ಕಡೆ ತೋಟ. ಎರಡು ತುತ್ತು ಮುದ್ದೆಗೇ ಹೊಟ್ಟೆ ತುಂಬ್ತು ಅನ್ನೋರು, ಗ್ಯಾಸ್ಟ್ರಿಕ್ ಅಂದ್ಕೊಂಡು ಸುಮ್ನಿದ್ವಿ, ಕೊನೆಗೆ ರಕ್ತ ಪರೀಕ್ಷೆ ಮಾಡ್ಸಿದ್ರೆ ಬಿಳಿ ರಕ್ತಕಣ 1.8 ಲಕ್ಷ, 11 ಸಾವಿರದೊಳಗೆ ಇರ್ಬೇಕಾದ್ದು! ಹೊಟ್ಟೆ ಒತ್ತುತಿದ್ದಿದ್ದು ಊದ್ಕೊಂಡಿದ್ದ ಸ್ಪ್ಲೀನು, ಅಂದ್ರೆ ಗುಲ್ಮ. ಸಿಎಂಎಲ್ ಅಂದ್ರು, ರಕ್ತದ ಕ್ಯಾನ್ಸರ್.

ನಂಗೆ ಅರ್ಥ ಆಗಿದ್ದು ಹೇಳ್ತೀನಿ. ಮೂಳೆ ಮಜ್ಜೇಲಿ ರಕ್ತಕಣ ಹುಟ್ಟಿಸೋ ಸ್ಟೆಮ್ ಸೆಲ್ ಒಂದ್ರಲ್ಲಿ 9 ಮತ್ತು 22ನೇ ಕ್ರೋಮೋಸೋಮ್ ತುಂಡು ಅದಲು ಬದಲಾಗಿ, ಎಬಿಎಲ್ ಅನ್ನೋ ಸಿಗ್ನಲ್ ಪ್ರೋಟೀನಿಗೆ ಬಿಸಿಆರ್ ಅನ್ನೋ ಇನ್ನೊಂದು ಪ್ರೋಟೀನಿನ ತುಂಡು ಅಂಟ್ಕೊಳತ್ತೆ. ಎಬಿಎಲ್ ಒಂದೇ ಇದ್ದಾಗ ಬೇಕಾದಾಗ ಆನ್, ಬೇಡ್ದಾಗ ಆಫ್. ಅಂಟ್ಕೊಂಡ್ಮೇಲೆ ಆಫೇ ಆಗಲ್ಲ, ರಾಸು, ಸ್ಟಾಟು ಅಂತ ಮುಂದಿನ ಪ್ರೋಟೀನುಗಳಿಗೆಲ್ಲ ಬೆಳಿ ಬೆಳಿ ಅಂತ ಸಿಗ್ನಲ್ ಹೋಗ್ತಾನೇ ಇರತ್ತೆ. ಡಾಕ್ಟ್ರು ಇದನ್ನ ಹೇಳ್ತಿದ್ರೆ ಅಪ್ಪ "ನಮ್ ಬೋರ್‌ವೆಲ್ ಸ್ಟಾರ್ಟ್ರು ಕಚ್ಕೊಂಡಂಗೆ, ತೊಟ್ಟಿ ತುಂಬಿ ಹರಿದ್ರೂ ಮೋಟ್ರು ನಿಲ್ಲಲ್ಲ, ಫ್ಯೂಸ್ ಕಿತ್ರಾಯ್ತು ಬಿಡಿ ಸಾರ್" ಅಂದ್ರು. ಡಾಕ್ಟ್ರು ನಕ್ಕು ಹೆಚ್ಚುಕಮ್ಮಿ ಅದೇ ಯಜಮಾನ್ರೇ ಅಂದ್ರು. ಆ ಪ್ರೋಟೀನು ಓಡೋಕೆ ಎಟಿಪಿ (ಜೀವಕೋಶದ ಇಂಧನ ಅನ್ನಿ) ಬಂದು ಕೂರೋ ಸಂದು ಒಂದಿರತ್ತೆ, ಈ ಮಾತ್ರೆ ಹೋಗಿ ಅಲ್ಲೇ ಕೂತ್ಬಿಡತ್ತೆ, ಸಿಗ್ನಲ್ ನಿಲ್ಲತ್ತೆ.

ಕೆಲಸದ ವಿಷಯದಲ್ಲಿ ಮಾತೇ ಇಲ್ಲ. ತಿಂಗಳೊಳಗೆ ಕೌಂಟ್ ಇಳೀತು, ಮುದ್ದೆ ಮತ್ತೆ ಎರಡಕ್ಕೆ ಬಂತು, ಒಂದೂವರೆ ವರ್ಷಕ್ಕೆ ಬಿಸಿಆರ್-ಎಬಿಎಲ್ ಟೆಸ್ಟು (ಆ ಅಂಟ್ಕೊಂಡಿದ್ದು ರಕ್ತದಲ್ಲಿ ಇನ್ನೂ ಎಷ್ಟು ಉಳಿದಿದೆ ಅಂತ ನೋಡೋದು) 0.08 ಪರ್ಸೆಂಟು, 0.1ಕ್ಕಿಂತ ಕೆಳಗೆ ಬಂದ್ರೆ ಒಳ್ಳೇದಂತೆ. ಇಲ್ಲೇ ಎಡವಿದ್ದು ನೋಡಿ. ಎಲ್ಲಾ ಸರಿಹೋಯ್ತಲ್ಲ ಅಂತ ಅಪ್ಪ ಯಾರಿಗೂ ಹೇಳ್ದೆ ಹತ್ತತ್ರ ಎರಡು ತಿಂಗಳು ಮಾತ್ರೆ ನಿಲ್ಲಿಸಿದ್ರು, ಮುಂದಿನ ರಿಪೋರ್ಟು 0.4. ಮಜ್ಜೇಲಿ ನಿದ್ದೆ ಹೊಡೀತಿರೋ ಕೆಟ್ಟ ಸ್ಟೆಮ್ ಸೆಲ್ಲು ಈ ಸಿಗ್ನಲ್ ನಿಂತ್ರೂ ಸಾಯಲ್ವಂತೆ, ಮಾತ್ರೆ ಬಿಟ್ರೆ ಅದ್ರಿಂದ್ಲೇ ಮತ್ತೆ ಶುರು. ವರ್ಷಗಟ್ಲೆ ರಿಪೋರ್ಟು ತೀರಾ ಚೆನ್ನಾಗಿದ್ದೋರಿಗೆ ಡಾಕ್ಟ್ರೇ ನಿಲ್ಲಿಸಿ ನೋಡೋದುಂಟು, ಅವ್ರಲ್ಲೂ ಸುಮಾರು ಅರ್ಧ ಜನಕ್ಕೆ ವಾಪಸ್ ಬರತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಬೆಳಿಗ್ಗೆ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡ ಹಿಡ್ಕೊಂಡು ಅಪ್ಪ ಎದ್ದು ಕೂರ್ತಾರೆ, ಖಾಲಿ ಹೊಟ್ಟೇಲಿ ತಗೊಂಡ್ರಂತೂ ವಾಂತಿ ಗ್ಯಾರಂಟಿ, ಊಟದ ಜೊತೆ ದೊಡ್ಡ ಲೋಟ ನೀರು ಬೇಕೇ ಬೇಕು.

ದುಡ್ಡಿನ ಮಾತು. 2013ರ ಏಪ್ರಿಲ್ 1ಕ್ಕೆ ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪ್ನಿಯ ಗ್ಲಿವೆಕ್ (ಇದೇ ಮಾತ್ರೆಯ ಬ್ರ್ಯಾಂಡು) ಪೇಟೆಂಟ್ ಅರ್ಜಿ ತಳ್ಳಿಹಾಕ್ತು, ಆಗ ಅದು ತಿಂಗಳಿಗೆ 1.2 ಲಕ್ಷದ ಹತ್ರ, ಬೇರೆ ಕಂಪ್ನಿಗಳು ಮಾಡೋ ಅದೇ ಔಷಧಿ, ಅಂದ್ರೆ ಜೆನೆರಿಕ್, ಹತ್ತು ಸಾವಿರದೊಳಗೆ. ನಾವು ಕೊಳ್ತಿರೋದೂ ಜೆನೆರಿಕ್ಕೇ. ಒಂದ್ಸಲ ಮೆಡಿಕಲ್ ಶಾಪ್‌ನೋನು 400ರ ಬದ್ಲು 100ರ ಸ್ಟ್ರಿಪ್ ಕೊಟ್ಟಿದ್ದ, ನೋಡಿ ತಗೊಳ್ಳಿ. ಸ್ಟ್ರಿಪ್‌ಗೆ ಹತ್ತು ಮಾತ್ರೆ, ಮೂರು ಸ್ಟ್ರಿಪ್ ತಂದ್ರೆ 31ನೇ ತಾರೀಖು ಒಂದು ಕಮ್ಮಿ ಬೀಳತ್ತೆ, ಈಗ ನಾಲ್ಕು ತರ್ತೀನಿ.

ಮುಂದಿನ ಟೆಸ್ಟು ಜುಲೈಗೆ, ರಿಪೋರ್ಟ್ ಬಂದ್ಮೇಲೆ ಅಪ್ಡೇಟ್ ಹಾಕ್ತೀನಿ.